ದೇಶವೂ ಕೋಶವೂ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅನುಭವಿಗಳಾದ ಹಿರಿಯರು ಎರಡು ದಾರಿಗಳನ್ನು ತೋರಿಸಿ, ಶಕ್ತ್ಯನುಸಾರವಾಗಿ ಒಂದನ್ನು ಹಿಡಿಯಿರೆಂದು ಹೇಳಿ ಸುಮ್ಮನಾದರು. ಆದರೆ ಯುರೋಪ್ ಖಂಡವನ್ನು ಒಂದು ತಿಂಗಳು ರೈಲಿನಲ್ಲಿ ಸುತ್ತಿ ಬರುವೆನೆಂದು ಹೊರಟ ಹೊಸಬನಿಗೆ ಈ ‘ಇಲ್ಲವೆ’ ಎಂಬ ಅವ್ಯಯದ ಸೌಕರ್ಯವಿಲ್ಲ. ಅಲ್ಲಿ ಕೋಶ ಓದದವನು ದೇಶ ಸುತ್ತಲಾರ. ಆ ಕೋಶದ ಹೆಸರು ರೈಲು ವೇಳಾಪಟ್ಟಿ.

ಥಾಮಸ್ ಕುಕ್ ಸಂಸ್ಥೆಯವರು 1873ರಲ್ಲಿ ಯುರೋಪಿನ ರೈಲುಗಳ ವೇಳಾಪಟ್ಟಿಯನ್ನು ಪುಸ್ತಕರೂಪದಲ್ಲಿ ಹೊರತಂದರು. ಎರಡನೆಯ ಮಹಾಯುದ್ಧದ ಕಾಲವೊಂದನ್ನುಳಿದು ಅದು ಅಖಂಡವಾಗಿ ಪ್ರಕಟವಾಗುತ್ತ ಬಂದಿತು. 2013ರಲ್ಲಿ ಸಂಸ್ಥೆಯು ಪ್ರಕಟಣೆಯನ್ನು ನಿಲ್ಲಿಸಿದಾಗ, ಅದನ್ನು ಸಿದ್ಧಪಡಿಸುತ್ತಿದ್ದ ಕೆಲಸಗಾರರೇ ಮುಂದಿನ ವರ್ಷ ಸ್ವತಂತ್ರವಾಗಿ ಅದನ್ನು ಮತ್ತೆ ಆರಂಭಿಸಿದರು. 2019ರಲ್ಲಿ ಆ ಹಳೆಯ ಸಂಸ್ಥೆ ದಿವಾಳಿಯೆದ್ದು ಮುಚ್ಚಿತು, ಪುಸ್ತಕ ಉಳಿಯಿತು. ಅಂಗಡಿಗಿಂತ ಅದರ ಖಾತೆಪುಸ್ತಕ ಹೆಚ್ಚು ದಿನ ಬಾಳಿದಂತಾಯಿತು. ಇಂದು ಈ ವಿಷಯವೆಲ್ಲ ಕೈಯಲ್ಲಿ ಹಿಡಿಯುವ ಮೊಬೈಲಿನಲ್ಲಿಯೂ ಸಿಗುತ್ತದೆ. ಆದರೂ ಪುಸ್ತಕದಲ್ಲಿ ಒಂದು ಗುಣವುಂಟು. ಮೊಬೈಲು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಏನು ಕೇಳಬೇಕೆಂಬುದೇ ತಿಳಿಯದ ಹೊಸಬನಿಗೆ ಅದರಿಂದ ಪ್ರಯೋಜನ ಕಡಿಮೆ. ಪುಸ್ತಕವಾದರೋ ಒಂದು ಹಾಳೆಯಲ್ಲಿ ಒಂದು ಇಡೀ ಮಾರ್ಗವನ್ನು, ನಡುವಣ ಊರುಗಳನ್ನು, ಕವಲೊಡೆಯುವ ಜಾಗಗಳನ್ನು ಹರಡಿ ತೋರಿಸುತ್ತದೆ.

ಉತ್ತರ ಕರ್ನಾಟಕದ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರ ಕೈಗೆ ಈ ಪುಸ್ತಕ ಬಂದದ್ದೇ ಮುಂದಿನ ಎಲ್ಲ ಪ್ರಯತ್ನಗಳಿಗೂ ಮೂಲವಾಯಿತು. ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಗುರುಕಾಣಿಕೆಯೆಂದು ಅದನ್ನು ಕಳುಹಿಸಿದ್ದ. ಮಾಸ್ತರರು ವರ್ಷವರ್ಷವೂ ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ರೈನ್ ನದಿಯನ್ನು ಬರೆದವರು. ಆಲ್ಪ್ಸ್ ಪರ್ವತದಲ್ಲಿ ಹುಟ್ಟಿ, ಬಾಸೆಲಿನಲ್ಲಿ ಉತ್ತರಕ್ಕೆ ತಿರುಗಿ, ನೆದರ್‌ಲ್ಯಾಂಡಿನಲ್ಲಿ ಸಮುದ್ರ ಸೇರುವ ಆ ಗೆರೆಯನ್ನು ಕಣ್ಣು ಮುಚ್ಚಿಯೂ ಎಳೆಯಬಲ್ಲವರು. ಕಣ್ಣು ತೆರೆದು ನೋಡಿದವರಲ್ಲ. ಅರವತ್ತನಾಲ್ಕರ ವಯಸ್ಸು, ಮಂಡಿನೋವಿನ ಮಡದಿ, ಮಕ್ಕಳ ಮದುವೆ ಮುಗಿದು ಉಳಿದ ಅಷ್ಟಿಷ್ಟು ಹಣ. ಈಗ ಹೋಗದಿದ್ದರೆ ಮುಂದೆ ಹೋಗುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿಕೊಳ್ಳಲಿಲ್ಲ, ಅಷ್ಟೆ.

ಮೊದಲ ವಾರ ಮಾಸ್ತರರು ಸಿದ್ಧಪಡಿಸಿದ ಪಟ್ಟಿಯಲ್ಲಿ ಹತ್ತೊಂಬತ್ತು ಊರುಗಳಿದ್ದವು. ಲಿಸ್ಬನ್ನಿನಿಂದ ತೊಡಗಿ ಮ್ಯಾಡ್ರಿಡ್, ಬಾರ್ಸಿಲೋನಾ, ಪ್ಯಾರಿಸ್, ಲಂಡನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕೋಪನ್‌ಹೇಗನ್, ಬರ್ಲಿನ್ ಎಂದು ಮುಂದುವರಿದು, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್‌ಗಳನ್ನು ದಾಟಿ, ಅಥೆನ್ಸಿಗೆ ಇಳಿದು, ರೋಮಿನಿಂದ ಮೇಲಕ್ಕೆ ಹತ್ತಿ ಜಿನೀವಾದಲ್ಲಿ ಮುಗಿಯುವ ಮಹಾಪ್ರದಕ್ಷಿಣೆ. ನಕಾಶೆಯ ಮೇಲೆ ಅದು ಬಹಳ ಅಂದವಾಗಿ ಕಾಣುತ್ತಿತ್ತು. ಹೊಸಬರೆಲ್ಲರ ಮೊದಲ ಪಟ್ಟಿಯೂ ಹೀಗೆಯೇ ಇರುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಇಷ್ಟು ದೂರ, ಇಷ್ಟು ಖರ್ಚು ಮಾಡಿ ಹೋಗುವಾಗ ಒಂದೂರು ಬಿಟ್ಟರೂ ನಷ್ಟವೆಂದು ತೋರುವುದು ಸಹಜ.

ಮಡದಿ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. “ಇಷ್ಟೂ ಊರು ನೋಡಿದ ಮ್ಯಾಲೆ, ನೋಡಿದ್ದು ಯಾವೂರು ಅಂತ ನೆನಪಿರತದೇನ್ರಿ?” ಎಂದರು. ಉತ್ತರ ಬರಲಿಲ್ಲ. “ನನಗ ಒಂದು ಹಿಮದ ಗುಡ್ಡ ತೋರಸ್ರಿ. ಆಮ್ಯಾಲೆ ಒಂದೂರಾಗ ನಾಕು ದಿನ ಸುಮ್ಮನ ಕುಂಡ್ರೋಣು. ಉಳಿದದ್ದು ನಿಮ್ಮ ಮನಸ್ಸು” ಎಂದು ಪಟ್ಟಿಯನ್ನು ಹಿಂದಕ್ಕೆ ಕೊಟ್ಟರು.

ಮಾಸ್ತರರಿಗೆ ಆ ದಿನ ಸ್ವಲ್ಪ ಕೋಪವೇ ಬಂದಿತು. ಆದರೆ ಲೆಕ್ಕ ಹಾಕುವುದು ಅವರ ಹಳೆಯ ಅಭ್ಯಾಸ. ಒಂದೂರಿನಿಂದ ಇನ್ನೊಂದೂರಿಗೆ ರೈಲು ಮೂರೇ ಗಂಟೆಯಲ್ಲಿ ತಲುಪಿಸಬಹುದು. ಆದರೆ ಬೆಳಿಗ್ಗೆ ಗಂಟುಮೂಟೆ ಕಟ್ಟಿ, ಕೋಣೆ ಬಿಟ್ಟು, ನಿಲ್ದಾಣ ಸೇರಿ, ರೈಲು ಹತ್ತಿ ಇಳಿದು, ಹೊಸ ಊರಿನಲ್ಲಿ ಬೀದಿ ಹುಡುಕಿ, ಕೋಣೆಯ ಬೀಗದ ಕೈ ಪಡೆಯುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಹತ್ತೊಂಬತ್ತು ಊರುಗಳೆಂದರೆ ಹದಿನೆಂಟು ಅರ್ಧದಿನಗಳು. ಮೂವತ್ತರಲ್ಲಿ ಒಂಬತ್ತು ದಿನ ಹೊರೆ ಹೊರುವುದಕ್ಕೇ ಮೀಸಲು. ಇದು ಎಲ್ಲ ರೈಲುಗಳೂ ನೇರವಾಗಿದ್ದರೆ ಬರುವ ಲೆಕ್ಕ. ಕೋಶವನ್ನು ಬಿಡಿಸಿ ನೋಡಿದಾಗ, ನೆರೆಹೊರೆಯ ದೇಶಗಳ ರಾಜಧಾನಿಗಳಾದ ಲಿಸ್ಬನ್ ಮತ್ತು ಮ್ಯಾಡ್ರಿಡ್‌ಗಳ ನಡುವೆ 2020ರಲ್ಲಿ ರಾತ್ರಿ ರೈಲು ನಿಂತ ಮೇಲೆ ನೇರ ರೈಲೇ ಇಲ್ಲವೆಂದು ತಿಳಿಯಿತು. ಅಥೆನ್ಸಿನ ಗತಿ ಇನ್ನೂ ಕಷ್ಟದ್ದು. ರೈಲನ್ನು ನಂಬಿದವನು ಇಟಲಿಯ ಬಾರಿ ಬಂದರಿನವರೆಗೆ ಹೋಗಿ ಅಲ್ಲಿಂದ ಹಡಗು ಹತ್ತಬೇಕು. ಒಂದೇ ಸಂಜೆ ನಾಲ್ಕು ಹೆಸರುಗಳು ಪಟ್ಟಿಯಿಂದ ಅಳಿದವು.

ಲಂಡನ್ನನ್ನು ಅಳಿಸಿದ್ದು ವೀಸಾ. ಲಕ್ಸೆಂಬರ್ಗ್ ದೇಶದ ಶೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲಿನ ಒಂದು ಹಡಗಿನಲ್ಲಿ ಕುಳಿತು 1985ರಲ್ಲಿ ಐದು ರಾಜ್ಯಗಳು ಮಾಡಿಕೊಂಡ ಒಪ್ಪಂದ ಇಂದು 29 ದೇಶಗಳಿಗೆ ಹರಡಿದೆ. ಒಂದು ವೀಸಾ ದೊರೆತರೆ ಇಷ್ಟೂ ದೇಶಗಳಲ್ಲಿ ತಿರುಗಬಹುದು. ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮೀರಬಾರದು. ಬ್ರಿಟನ್ ಮತ್ತು ಐರ್‌ಲ್ಯಾಂಡ್‌ಗಳು ಈ ಕೂಟಕ್ಕೆ ಸೇರಿದವಲ್ಲ. ಅವಕ್ಕೆ ಬೇರೆ ಅರ್ಜಿ, ಬೇರೆ ಹಣ. ಅರ್ಜಿಯನ್ನು ಯಾವ ದೇಶದ ದೂತಾವಾಸಕ್ಕೆ ಹಾಕಬೇಕೆಂಬಲ್ಲಿ ಹೊಸಬರು ಎಡವುತ್ತಾರೆ. ಮೊದಲು ಕಾಲಿಡುವ ದೇಶಕ್ಕೆಂದು ಬಹುಮಂದಿಯ ತಿಳಿವಳಿಕೆ. ನಿಯಮ ಹಾಗಿಲ್ಲ, ಹೆಚ್ಚು ದಿನ ತಂಗುವ ದೇಶಕ್ಕೆ ಹಾಕಬೇಕು. ದಿನಗಳು ಸರಿಸಮವಾದಾಗ ಮಾತ್ರ ಮೊದಲು ಕಾಲಿಡುವ ದೇಶದ ಸರದಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಹದಿನೈದು ದಿನಕ್ಕಿಂತ ತಡವಾಗಬಾರದು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಬೇಕು. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ. ಬೆರಳಚ್ಚನ್ನು ಖುದ್ದಾಗಿ ಹೋಗಿ ಕೊಡಬೇಕು. ತಂಗುವ ಪ್ರತಿ ರಾತ್ರಿಗೂ ಜಾಗ ತೋರಿಸಬೇಕಾದುದರಿಂದ, ಅಲ್ಲಿಗೆ ಹೋಗಿ ಮನಸ್ಸಿಗೆ ಬಂದಂತೆ ಅಲೆಯುವೆನೆಂಬ ಕವಿಯ ಸ್ವಾತಂತ್ರ್ಯ ನಮ್ಮವರಿಗಿಲ್ಲ. ಯೋಜನೆ ಮಾಡಿಯೇ ಹೊರಡಬೇಕು.

ಪ್ಯಾರಿಸ್ಸನ್ನು ಬಿಡುವಾಗ ಮಾತ್ರ ಸಂಕಟವಾಯಿತು. ಪ್ಯಾರಿಸ್ ಬಿಟ್ಟ ಯುರೋಪ್ ಯಾತ್ರೆಯೂ ಒಂದು ಯಾತ್ರೆಯೇ ಎಂದು ಓಣಿಯವರೆಲ್ಲ ಕೇಳಿದರು. ಕೇಳಿದವರಲ್ಲಿ ಪ್ಯಾರಿಸ್ಸಿಗೆ ಹೋಗಿ ಬಂದವರು ಒಬ್ಬರೂ ಇರಲಿಲ್ಲವೆಂಬುದು ಬೇರೆ ಮಾತು. ಆ ನಗರಕ್ಕೆ ಒಂದು ನಿಲ್ದಾಣವಲ್ಲ, ದೂರದ ರೈಲುಗಳ ದೊಡ್ಡ ನಿಲ್ದಾಣಗಳೇ ಆರೇಳು. ಉತ್ತರದಿಂದ ಬಂದವನು ಒಂದರಲ್ಲಿ ಇಳಿದು, ದಕ್ಷಿಣಕ್ಕೆ ಹೋಗಲು ಊರನ್ನು ಅಡ್ಡಹಾಯ್ದು ಇನ್ನೊಂದಕ್ಕೆ ಓಡಬೇಕು. ಅಲ್ಲಿನ ಅತಿವೇಗದ ರೈಲುಗಳಲ್ಲಿ ಪಾಸು ಇದ್ದವರೂ ಮುಂಗಡವಾಗಿ ಆಸನಕ್ಕೆ ಬೇರೆ ಹಣ ಕಟ್ಟಬೇಕು. ಪಾಸಿನವರಿಗೆಂದು ಇಟ್ಟ ಆಸನಗಳು ಮುಗಿದರೆ ಪಾಸು ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಸ್ಪೇನಿನ ವೇಗದ ರೈಲುಗಳಿಗೂ ಇಟಲಿಯ ವೇಗದ ರೈಲುಗಳಿಗೂ ಆಸನ ಕಾದಿರಿಸುವುದು ಕಡ್ಡಾಯ. ಜರ್ಮನಿ, ಸ್ವಿಟ್ಜರ್‌ಲ್ಯಾಂಡ್, ಆಸ್ಟ್ರಿಯಗಳ ಒಳಗೆ ಬಹುಪಾಲು ರೈಲುಗಳನ್ನು ನಮ್ಮ ಪ್ಯಾಸೆಂಜರ್ ಗಾಡಿಯಂತೆ ಬಂದ ಹಾಗೆ ಹತ್ತಬಹುದು.

ಪಾಸಿನ ವಿಚಾರವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಯುರೋಪಿನ ಹೊರಗಿನವರಿಗೆಂದು 1959ರಲ್ಲಿ ಆರಂಭವಾದ ಯೂರೇಲ್ ಪಾಸು ಈಗ 33 ದೇಶಗಳಲ್ಲಿ ನಡೆಯುತ್ತದೆ. ಅರವತ್ತು ತುಂಬಿದವರಿಗೆ ರಿಯಾಯಿತಿಯುಂಟು. ತಿಂಗಳ ಪ್ರವಾಸಕ್ಕೆ ತಿಂಗಳ ಪಾಸೇ ಬೇಕೆಂದು ಹೊಸಬನು ತಿಳಿಯುತ್ತಾನೆ. ದಿನವೂ ರೈಲಿನಲ್ಲಿ ಕಳೆಯುವವನಿಗೆ ಅದು ಸರಿ. ಒಂದು ತಿಂಗಳ ಒಳಗೆ ತನಗೆ ಬೇಕಾದ ಏಳು ದಿನ ಮಾತ್ರ ಬಳಸುವ ಪಾಸೂ ಉಂಟು. ಎರಡು ಮೂರು ತಿಂಗಳು ಮುಂಚೆ ಬಿಡಿ ಟಿಕೇಟು ಕೊಂಡರೆ ಕೆಲವೊಮ್ಮೆ ಪಾಸಿಗಿಂತ ಅಗ್ಗ. ಆದರೆ ಅಂಥ ಅಗ್ಗದ ಟಿಕೇಟು ಆ ಒಂದು ಗಾಡಿಗೇ ಕಟ್ಟಿಬಿದ್ದಿರುತ್ತದೆ, ಗಾಡಿ ತಪ್ಪಿಸಿಕೊಂಡರೆ ಹಣವೂ ಹೋಯಿತು. ಮಾಸ್ತರರು ಎರಡನ್ನೂ ಕೂಡಿಸಿ ಕಳೆದು ನೋಡಿದರು. ವ್ಯತ್ಯಾಸ ಹೆಚ್ಚಿರಲಿಲ್ಲ. ಮಂಡಿನೋವಿನವರಿಗೆ ಓಡಿ ಹಿಡಿಯಬೇಕಾದ ಗಾಡಿ ಬೇಡವೆಂದು ಪಾಸಿನ ಕಡೆಗೆ ವಾಲಿದರು.

ಮೂರನೆಯ ವಾರದ ಹೊತ್ತಿಗೆ ಪಟ್ಟಿ ನೀಲಿ ಸೀಮೆಸುಣ್ಣದ ಗೆರೆಯನ್ನೇ ಹಿಡಿದಿತ್ತು. ವಿಮಾನ ಇಳಿಯುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ. ರೈನ್ ಸಮುದ್ರ ಸೇರುವ ನಾಡು. ಅಲ್ಲಿಂದ ನದಿಯನ್ನು ಎದುರುಹಿಡಿದು ಕೊಲೋನ್, ನಡುವೆ ದಾರಿ ಬಿಟ್ಟು ಟ್ಯೂಬಿಂಗನ್, ಮತ್ತೆ ರೈನಿಗೆ ಬಂದು ಬಾಸೆಲ್, ಮುಂದೆ ಆಲ್ಪ್ಸ್. ಅದನ್ನು ದಾಟಿ ಇಳಿದರೆ ವೆನಿಸ್, ಕೊನೆಗೆ ವಿಯೆನ್ನಾ. ಹಿಂದಿರುಗುವ ವಿಮಾನ ವಿಯೆನ್ನಾದಿಂದಲೇ. ಬಂದ ಊರಿಗೇ ಮರಳಿ ಹೋಗಿ ವಿಮಾನ ಹತ್ತಬೇಕೆಂದು ಎಲ್ಲಿಯೂ ಬರೆದಿಲ್ಲ. ಇಳಿಯುವ ಊರೊಂದು, ಹತ್ತುವ ಊರೊಂದು ಇರುವಂತೆ ಟಿಕೇಟು ಕೊಳ್ಳಬಹುದು. ಇದನ್ನು ಹೇಳಿಕೊಟ್ಟವನು ಹನ್ನೆರಡು ವರ್ಷದ ಮೊಮ್ಮಗ. “ಅಜ್ಜಾ, ನೀವು ನಕಾಶಿ ಮ್ಯಾಲೆ ಗೆರೆ ಎಳೀತೀರಿ, ಟಿಕೀಟಿಗೆ ಮಾತ್ರ ಯಾಕ ಗುಂಡಗ ತಿರುಗತೀರಿ?” ಎಂದು ಆತ ಕೇಳಿದ್ದಕ್ಕೆ ಇಡೀ ಎರಡು ದಿನ ಉಳಿದವು.

ಕೊಲೋನಿನಿಂದ ಮುಂದಿನ ದಾರಿಯಲ್ಲಿ ಒಂದು ಸೂಕ್ಷ್ಮವಿದೆ. ಅಲ್ಲಿಂದ ಫ್ರಾಂಕ್‌ಫರ್ಟಿನ ಕಡೆಗೆ ಹೋಗಲು ಎರಡು ಹಳಿಗಳುಂಟು. 2002ರಲ್ಲಿ ತೆರೆದ ಹೊಸ ಹಳಿಯ ಮೇಲೆ ಗಂಟೆಗೆ 300 ಕಿಲೋಮೀಟರ್ ವೇಗದ ಗಾಡಿಗಳು ಓಡುತ್ತವೆ. ಸುಮಾರು ಒಂದು ಗಂಟೆಯ ದಾರಿ. ಹಳೆಯ ಹಳಿ ರೈನ್ ನದಿಯ ಎಡದಂಡೆಯನ್ನೇ ಹಿಡಿದು ಕೊಬ್ಲೆಂಝ್, ಬಿಂಗೆನ್‌ಗಳ ಮೇಲೆ ಮೈಂಝ್ ಊರಿಗೆ ಬರುತ್ತದೆ. ದ್ರಾಕ್ಷಿಯ ತೋಟಗಳು, ಗುಡ್ಡದ ನೆತ್ತಿಯ ಕೋಟೆಗಳು, ಆಚೆ ದಂಡೆಯಲ್ಲಿ ಲೋರೆಲೈ ಬಂಡೆ, ಎಲ್ಲವೂ ಈ ಹಳೆಯ ದಾರಿಯ ಸಂಪತ್ತು. ಮೊಬೈಲಿಗೆ ಊರುಗಳ ಹೆಸರು ಹೇಳಿದರೆ ಅದು ವೇಗದ ಗಾಡಿಯನ್ನೇ ಮುಂದೆ ಮಾಡುತ್ತದೆ. ಆ ಹಳಿ ಗುಡ್ಡಗಳನ್ನು ಕೊರೆದು ಹೋಗುವುದರಿಂದ, ಮೂವತ್ತೊಂದು ವರ್ಷ ರೈನನ್ನು ಬರೆದ ಕೈ ಅದನ್ನು ನೋಡದೆ ಸುರಂಗದಲ್ಲಿ ಹಾದುಹೋಗುತ್ತಿತ್ತು. ಪುಸ್ತಕದ ಹಾಳೆಯಲ್ಲಿ ಎರಡೂ ಮಾರ್ಗಗಳು ಅಕ್ಕಪಕ್ಕದಲ್ಲಿ ಕಂಡದ್ದರಿಂದ ಅನಾಹುತ ತಪ್ಪಿತು. ‘ಕೊಬ್ಲೆಂಝ್ ಮೂಲಕ’ ಎಂದು ಕೇಳಿದರೆ ಮೊಬೈಲೂ ಹಳೆಯ ದಾರಿ ತೋರಿಸುತ್ತದೆ, ಕೇಳಬೇಕೆಂದು ತಿಳಿದಿರಬೇಕು. ಜರ್ಮನಿಯಲ್ಲಿ ಈಗ ಹಳಿಗಳ ದುರಸ್ತಿ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಗಡಿಯಾರದಂತೆ ಓಡುವ ಜರ್ಮನ್ ರೈಲೆಂಬುದು ಹಳೆಯ ಕೀರ್ತಿ. ಗಾಡಿ ಬದಲಿಸುವ ಕಡೆ ಒಂದು ಗಂಟೆಯ ಬಿಡುವಿರಲೆಂದು ಮಾಸ್ತರರು ಗೆರೆ ಎಳೆದುಕೊಂಡರು.

ಕೊಲೋನಿನಲ್ಲಿ ಮೂರು ರಾತ್ರಿ. ಅಲ್ಲಿನ ಮಹಾದೇವಾಲಯ ನಿಲ್ದಾಣದ ಬಾಗಿಲಲ್ಲೇ ನಿಂತಿದೆ. 1248ರಲ್ಲಿ ಅಸ್ತಿಭಾರ ಹಾಕಿ, ನಡುವೆ ಸುಮಾರು ಮೂರು ಶತಮಾನ ಕೆಲಸ ನಿಂತು, 1880ರಲ್ಲಿ ಮುಗಿಸಿದ ಕಟ್ಟಡ.

ಟ್ಯೂಬಿಂಗನ್ ಪಟ್ಟಿಗೆ ಬಂದದ್ದು ಹೇಗೆಂದು ವಾಚಕರು ಕೇಳಬಹುದು. ಅದು ಪ್ರವಾಸಿಗರ ಪುಸ್ತಕಗಳಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಊರಲ್ಲ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಒಂದು ಗಂಟೆಯ ದೂರದಲ್ಲಿ, ನೆಕಾರ್ ನದಿಯ ದಂಡೆಯ ಮೇಲಿರುವ ವಿದ್ಯಾಪೀಠದ ಊರು. ಕನ್ನಡಿಗರಿಗೆ ಅದರ ಮಹತ್ತ್ವ ಬೇರೆ. ಫರ್ಡಿನೆಂಡ್ ಕಿಟ್ಟೆಲ್ ಅವರು ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ಕೊನೆಯುಸಿರೆಳೆದದ್ದು ಅಲ್ಲಿ. 1853ರಲ್ಲಿ ಬಾಸೆಲ್ ಮಿಷನ್ನಿನ ಮೂಲಕ ಕನ್ನಡನಾಡಿಗೆ ಬಂದು, ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿದ್ದು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದವರು. 1896ರಲ್ಲಿ ಟ್ಯೂಬಿಂಗನ್ ವಿದ್ಯಾಪೀಠ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಗಾದೆಯ ಕೋಶವೆಂಬ ಮಾತಿಗೆ ಇವರಿಗಿಂತ ಸಲ್ಲುವವರು ಇನ್ನಾರು? ಕಿಟ್ಟೆಲರ ಊರಿನಲ್ಲಿ ಮೂರು ರಾತ್ರಿ ತಂಗಬೇಕೆಂಬುದರಲ್ಲಿ ದಂಪತಿಗಳಿಗೆ ಭಿನ್ನಾಭಿಪ್ರಾಯ ಬರಲಿಲ್ಲ. ಪ್ಯಾರಿಸ್ ಬಿಟ್ಟು ಟ್ಯೂಬಿಂಗನ್ ಹಿಡಿದದ್ದನ್ನು ಓಣಿಯವರಿಗೆ ವಿವರಿಸುವ ಗೋಜಿಗೆ ಮಾಸ್ತರರು ಹೋಗಲಿಲ್ಲ.

ಅಲ್ಲಿಂದ ಬಾಸೆಲಿಗೆ ನೇರ ದಾರಿಯಿಲ್ಲ. ಹೋರ್ಬ್, ಝಿಂಗೆನ್‌ಗಳಲ್ಲಿ ಗಾಡಿ ಬದಲಿಸಿ ಶಾಫ್‌ಹೌಸನ್ನಿನ ಮೇಲೆ ಹೋದರೆ, ರೈನ್ ನದಿ ದುಮುಕುವ ಜಲಪಾತದ ನೆರೆಯಲ್ಲೇ ಹಾದು ಹೋಗಬಹುದು. ಆದರೆ ಹಾಗೆ ಬಂದ ಗಾಡಿ ನಿಲ್ಲುವುದು ‘ಬಾಸೆಲ್ ಬಾಡ್’ ಎಂಬ ನಿಲ್ದಾಣದಲ್ಲಿ. ಇಂಗ್ಲಿಷ್ ಬಲ್ಲವರು ಹೆಸರು ನೋಡಿ ಗಾಬರಿಯಾಗಬಾರದು. ಬಾಡೆನ್ ಸೀಮೆಯವರು ಕಟ್ಟಿಸಿದ ನಿಲ್ದಾಣವಾದ್ದರಿಂದ ಆ ಹೆಸರು. ಮೂರು ದೇಶಗಳ ಮೂಲೆಯಲ್ಲಿರುವ ಈ ಊರಿನಲ್ಲಿ ಜರ್ಮನ್ ಗಾಡಿಗಳಿಗೆ ನದಿಯ ಆಚೆ ಒಂದು ನಿಲ್ದಾಣ, ಸ್ವಿಸ್ ಗಾಡಿಗಳಿಗೆ ಈಚೆ ಒಂದು, ಅದರ ಮಗ್ಗುಲಲ್ಲೇ ಫ್ರೆಂಚ್ ಗಾಡಿಗಳಿಗೆ ಬೇರೊಂದು ಭಾಗ. ಬಾಸೆಲ್ ಎಂದಷ್ಟೇ ಬರೆದುಕೊಂಡು ಹೋದವನು ನದಿಯ ಯಾವ ದಡದಲ್ಲಿ ಇಳಿದನೆಂದು ತಿಳಿಯದೆ ಪೇಚಾಡಬೇಕಾಗುತ್ತದೆ. ಬಾಸೆಲಿನಲ್ಲಿ ಎರಡು ರಾತ್ರಿ. 1815ರಲ್ಲಿ ಸ್ಥಾಪಿತವಾಗಿ 1834ರಲ್ಲಿ ಮಂಗಳೂರಿಗೆ ಜನರನ್ನು ಕಳುಹಿಸಿದ ಮಿಷನ್ನಿನ ಮನೆ ಆ ಊರಿನಲ್ಲಿದೆ. ಕನ್ನಡನಾಡಿನ ಹಳೆಯ ಛಾಯಾಚಿತ್ರಗಳು ಅಲ್ಲಿನ ಸಂಗ್ರಹದಲ್ಲಿವೆ.

ಊರಿನ ಹೆಸರುಗಳ ಗೊಂದಲ ಇನ್ನೂ ಇದೆ. ನಮ್ಮ ಶಾಲೆಯ ನಕಾಶೆಗಳಲ್ಲಿ ಇಂಗ್ಲಿಷರು ಇಟ್ಟ ಹೆಸರುಗಳಿವೆ. ರೈಲಿನ ಹಲಗೆಗಳಲ್ಲಿ ಆಯಾ ನಾಡಿನವರ ಹೆಸರುಗಳಿರುತ್ತವೆ. ವಿಯೆನ್ನಾ ಅಲ್ಲಿ ವೀನ್, ವೆನಿಸ್ ವೆನೆತ್ಸಿಯಾ, ಕೊಲೋನ್ ಕ್ಯೋಲ್ನ್. ಇವೆಲ್ಲ ಹೇಗೂ ಗುರುತು ಹತ್ತುತ್ತವೆ. ಆದರೆ ಇಟಲಿಯವರು ಜರ್ಮನಿಯ ಮ್ಯೂನಿಕ್ ನಗರವನ್ನು ‘ಮೊನಾಕೊ’ ಎಂದು ಕರೆಯುತ್ತಾರೆ! ಸಮುದ್ರತೀರದ ಮೊನಾಕೊಗೆ ಹೋಗುವವನು ಹಲಗೆ ನೋಡಿ ಹತ್ತಿದರೆ ಹಿಮಪರ್ವತದ ಆಚೆ ಇಳಿಯುತ್ತಾನೆ. ಸ್ವಿಟ್ಜರ್‌ಲ್ಯಾಂಡಿನ ಜಿನೀವಾ ಬೇರೆ, ಇಟಲಿಯ ಜಿನೋವಾ ಬೇರೆ. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್ ಎಂಬ ಊರು ಎರಡು. ಒಂದು ಮೈನ್ ನದಿಯ ಮೇಲೆ, ಇನ್ನೊಂದು ಪೋಲೆಂಡಿನ ಗಡಿಯಲ್ಲಿ ಓಡರ್ ನದಿಯ ಮೇಲೆ. ವೆನಿಸ್ಸಿಗೆ ಸಮೀಪಿಸುವಾಗ ಮೊದಲು ‘ವೆನೆತ್ಸಿಯಾ ಮೆಸ್ತ್ರೆ’ ಬರುತ್ತದೆ. ಅದು ನೆಲದ ಮೇಲಿನ ಊರು. ನೀರಿನ ಮೇಲಿನ ವೆನಿಸ್ ಬೇಕಾದವನು ಅಲ್ಲಿ ಇಳಿಯದೆ, ಸೇತುವೆ ದಾಟಿ ‘ಸಾಂತಾ ಲೂಚಿಯಾ’ದಲ್ಲಿ ಇಳಿಯಬೇಕು. ಮಾಸ್ತರರು ಒಂದು ಪುಟ್ಟ ಪದಕೋಶವನ್ನೇ ಬರೆದರು: ಎಡಗಡೆ ನಾವು ಕರೆಯುವ ಹೆಸರು, ಬಲಗಡೆ ಹಲಗೆಯ ಮೇಲಿನ ಹೆಸರು. ಎಲ್ಲವೂ ಕನ್ನಡ ಲಿಪಿಯಲ್ಲಿ, ಅದರ ಕೆಳಗೆ ಅಲ್ಲಿನ ಲಿಪಿಯಲ್ಲಿ.

ಮಡದಿಯ ಹಿಮದ ಗುಡ್ಡಕ್ಕೆ ಆರಿಸಿದ್ದು ಪೂರ್ವ ಸ್ವಿಟ್ಜರ್‌ಲ್ಯಾಂಡಿನ ಒಂದು ಹಳೆಯ ಊರು. ಜರ್ಮನಿನಲ್ಲಿ ಅದರ ಹೆಸರಿನ ಉಚ್ಚಾರ ‘ಕೂರ್’. ಮಾಸ್ತರರು ಪುಸ್ತಕದಿಂದ ತಲೆಯೆತ್ತಿ ಹೆಸರು ಹೇಳಿದೊಡನೆ ಮಡದಿ ನಕ್ಕುಬಿಟ್ಟರು. ‘ಒಂದೂರಾಗ ಕುಂಡ್ರೋಣು’ ಎಂದದ್ದಕ್ಕೆ ಊರೇ ‘ಕೂರು’ ಎಂದಂತಾಗಿತ್ತು. ಹಳಗನ್ನಡ ಬಲ್ಲವರಿಗೆ ಆ ಧಾತುವಿಗೆ ‘ಪ್ರೀತಿಸು’ ಎಂಬ ಅರ್ಥವೂ ಗೊತ್ತು. ಅಲ್ಲಿನವರಿಗೆ ಎರಡೂ ಗೊತ್ತಿರಲಾರದು. ಕೂರ್ ಊರಿನಲ್ಲಿ ಐದು ರಾತ್ರಿ, ಅಡಿಗೆ ಮಾಡಿಕೊಳ್ಳಲು ಅನುಕೂಲವಿರುವ ಕೋಣೆ.

ಅಲ್ಲಿಂದ ಇಟಲಿಯ ತಿರಾನೋಗೆ ಹೋಗುವ ಬೆರ್ನೀನಾ ಮಾರ್ಗವೇ ಈ ಯಾತ್ರೆಯ ನೆತ್ತಿ. 1910ರಲ್ಲಿ ಪೂರ್ಣಗೊಂಡ ಈ ಕಿರಿದಾದ ಹಳಿ 2,253 ಮೀಟರ್ ಎತ್ತರವನ್ನು ಸುರಂಗದ ಹಂಗಿಲ್ಲದೆ ಬಯಲಲ್ಲೇ ಹತ್ತಿ ಇಳಿಯುತ್ತದೆ. ಆಲ್ಬುಲಾ ಮಾರ್ಗದೊಡನೆ ಇದನ್ನು 2008ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಬ್ರೂಸಿಯೋ ಎಂಬಲ್ಲಿ ಗಾಡಿ ಕಮಾನಿನ ಸೇತುವೆಯ ಮೇಲೆ ದುಂಡಗೆ ಸುತ್ತಿ, ತಾನು ದಾಟಿದ ಸೇತುವೆಯ ಕಮಾನಿನ ಕೆಳಗೇ ನುಸುಳಿ ಮುಂದೆ ಹೋಗುತ್ತದೆ. ಪ್ರವಾಸಿಗರಿಗೆಂದು ಗಾಜಿನ ಮಾಡಿನ ವಿಶೇಷ ಗಾಡಿಯುಂಟು, ಅದಕ್ಕೆ ಆಸನ ಕಾದಿರಿಸಿ ಹೆಚ್ಚಿನ ಹಣ ಕೊಡಬೇಕು. ಅದೇ ಹಳಿಯ ಮೇಲೆ ಅದೇ ಗುಡ್ಡಗಳನ್ನು ತೋರಿಸುತ್ತ ಸಾಮಾನ್ಯ ಗಾಡಿಯೂ ಓಡುತ್ತದೆ, ಪಾಸು ಸಾಕು. ಕೂರಿನಿಂದ ಒಂದೇ ದಿನದಲ್ಲಿ ವೆನಿಸ್ ಮುಟ್ಟಬಹುದೆಂದು ಮಾಸ್ತರರು ಮೊದಲು ಬರೆದಿದ್ದರು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕುಳಿತಿರಲು ಮಂಡಿ ಒಪ್ಪದೆಂದು ಮಡದಿ ಹೇಳಿದ ಮೇಲೆ ತಿರಾನೋದಲ್ಲಿ ಒಂದು ರಾತ್ರಿ ಸೇರಿತು.

ಮುಂದಿನದು ಬೇಗ ಮುಗಿಯಿತು. ವೆನಿಸ್ಸಿನಲ್ಲಿ ನಾಲ್ಕು ರಾತ್ರಿ, ವಿಯೆನ್ನಾದಲ್ಲಿ ಐದು. ನಡುವಣ ದಾರಿಯನ್ನು ರಾತ್ರಿ ರೈಲಿನಲ್ಲಿ ಮಲಗಿ ಕಳೆದರೆ ಒಂದು ರಾತ್ರಿಯ ಬಾಡಿಗೆ ಉಳಿಯುತ್ತಿತ್ತು. ಆದರೆ ಆ ದಾರಿ ಸೆಮ್ಮರಿಂಗ್ ಘಟ್ಟವನ್ನು ಹಾದು ಬರುತ್ತದೆ. ಕಾರ್ಲ್ ಫಾನ್ ಗೇಗಾ ಎಂಬ ಎಂಜಿನಿಯರರು 1848ರಿಂದ 1854ರವರೆಗೆ ಕಟ್ಟಿಸಿದ ಹಳಿ ಅದು. ಭೂಗೋಳದ ಮಾಸ್ತರರು ಅದನ್ನು ಕತ್ತಲಲ್ಲಿ ದಾಟಲು ಒಪ್ಪಲಿಲ್ಲ.

ಒಟ್ಟು 27 ರಾತ್ರಿ: ಆಮ್‌ಸ್ಟರ್‌ಡ್ಯಾಮ್ ನಾಲ್ಕು, ಜರ್ಮನಿ ಆರು, ಸ್ವಿಟ್ಜರ್‌ಲ್ಯಾಂಡ್ ಏಳು, ಇಟಲಿ ಐದು, ಆಸ್ಟ್ರಿಯ ಐದು. ಒಂದು ರಾತ್ರಿಯ ಅಂತರದಿಂದ ಸ್ವಿಟ್ಜರ್‌ಲ್ಯಾಂಡ್ ಮುಂದಾದ ಕಾರಣ ವೀಸಾ ಅರ್ಜಿ ಆ ದೇಶಕ್ಕೆ. ಊರಿಂದೂರಿಗೆ ಹೋಗುವ ದಿನಗಳನ್ನು ಎಣಿಸಿದರೆ ಸರಿಯಾಗಿ ಏಳು. ಏಳು ದಿನದ ಪಾಸಿಗೆ ಅಳತೆ ತೆಗೆದು ಹೊಲಿದಂತಾಯಿತು. ತಿರಾನೋದ ರಾತ್ರಿ ಸೇರದಿದ್ದರೆ ಒಂದು ದಿನ ವ್ಯರ್ಥವಾಗುತ್ತಿತ್ತೆಂದು ಮಾಸ್ತರರು ಮಡದಿಗೆ ತೋರಿಸಿದರು. ಆಕೆಗೆ ಪಾಸಿನ ಲೆಕ್ಕದಲ್ಲಿ ಆಸಕ್ತಿಯಿರಲಿಲ್ಲ; ಮಂಡಿಯ ಲೆಕ್ಕ ಸರಿಬಂದದ್ದು ಸಾಕಾಗಿತ್ತು.

ಇಷ್ಟಾದ ಮೇಲೆ ಒಂದು ಭಾನುವಾರ ದಂಪತಿಗಳು ಮೊಮ್ಮಗನೊಡನೆ ಹುಬ್ಬಳ್ಳಿಗೆ ಹೋದರು. 2023ರಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಅಲ್ಲಿದೆಯಷ್ಟೆ. ಅವರು ಹೋದದ್ದು ಅಭ್ಯಾಸಕ್ಕೆ. ಅಲ್ಲಿನ ನಿಲ್ದಾಣಗಳಲ್ಲಿ ಹಮಾಲರು ಸಿಗುವುದಿಲ್ಲ, ದೊಡ್ಡ ಗಾಡಿಗಳೂ ನಡುವಣ ಊರುಗಳಲ್ಲಿ ಎರಡು ಮೂರು ನಿಮಿಷ ಮಾತ್ರ ನಿಲ್ಲುತ್ತವೆಂದು ಓದಿದ್ದರು. ಮನೆಯಿಂದ ತುಂಬಿ ತಂದ ಎರಡು ದೊಡ್ಡ ಪೆಟ್ಟಿಗೆಗಳನ್ನು ಹಿಡಿದು ಮೇಲ್ಸೇತುವೆಯ ಮೆಟ್ಟಿಲು ಹತ್ತಲು ತೊಡಗಿದರು. ಹನ್ನೊಂದನೆಯ ಮೆಟ್ಟಿಲಿಗೆ ಮಡದಿ ಕುಳಿತುಬಿಟ್ಟರು. ಮೊಮ್ಮಗ ಕೈಗಡಿಯಾರ ನೋಡುತ್ತ, “ಅಜ್ಜಾ, ಗಾಡಿ ಹೋತು” ಎಂದ. ಹಮಾಲನೊಬ್ಬ ಓಡಿಬಂದು ಪೆಟ್ಟಿಗೆಗೆ ಕೈ ಹಾಕಿದಾಗ, ಬೇಡವೆನ್ನಲು ಮಾಸ್ತರರಿಗೆ ಬಹಳ ಸಂಕೋಚವಾಯಿತು. ಮರುವಾರ ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಚೀಲ, ತಲಾ ಎಂಟು ಕಿಲೋ. ಎರಡು ಸೀರೆ ಕಡಿಮೆಯಾದವು, ಮೂರು ಪುಸ್ತಕ ಕಡಿಮೆಯಾದವು. ಆಗಲೂ ಮಡದಿ ನಡುವೆ ಒಮ್ಮೆ ನಿಂತು ಸುಧಾರಿಸಿಕೊಂಡರು. ಆದರೆ ಗಾಡಿ ಸಿಕ್ಕಿತೆಂದು ಮೊಮ್ಮಗ ತೀರ್ಪು ಕೊಟ್ಟ.

ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳಿಗೆ ಜಾಗ ಉಳಿಯಿತು. ಹಾಲು, ಮಾಂಸ ಮತ್ತು ಅವುಗಳಿಂದಾದ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ಯುರೋಪ್ ಒಕ್ಕೂಟದೊಳಕ್ಕೆ ಒಯ್ಯುವುದಕ್ಕೆ ನಿರ್ಬಂಧವಿರುವುದರಿಂದ ತುಪ್ಪವನ್ನೂ ಧಾರವಾಡದ ಪೇಡೆಯನ್ನೂ ಮನೆಯಲ್ಲೇ ಬಿಟ್ಟರು. ಜರ್ಮನಿ, ಸ್ವಿಟ್ಜರ್‌ಲ್ಯಾಂಡ್, ಆಸ್ಟ್ರಿಯಗಳಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ನಿಲ್ದಾಣದೊಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಶನಿವಾರವೇ ತರಕಾರಿ ಕೊಳ್ಳಬೇಕೆಂದು ಮಡದಿ ತಮ್ಮ ಹಾಳೆಯಲ್ಲಿ ಬರೆದುಕೊಂಡರು.

ಹುಬ್ಬಳ್ಳಿಯಿಂದ ಮರಳುವ ಗಾಡಿಯಲ್ಲಿ ಆಕೆ ಇನ್ನೊಂದು ಮಾತು ಕೇಳಿದರು. ಅದು ಯಾವ ಕೋಶದಲ್ಲಿಯೂ ಇರಲಿಲ್ಲ. “ನೀವು ಹತ್ತಿ, ನಾ ಹಿಂದ ಉಳದ್ರ?” ಮಾಸ್ತರರು ಮೊದಲು ನಕ್ಕರು, ಮಡದಿ ನಗಲಿಲ್ಲ. ಆಕೆಗೆ ಆ ನಾಡುಗಳ ಒಂದು ನುಡಿಯೂ ಬಾರದು, ಇಂಗ್ಲಿಷು ಅಷ್ಟಕ್ಕಷ್ಟೆ. ಎರಡು ನಿಮಿಷ ನಿಲ್ಲುವ ಗಾಡಿಯ ಬಾಗಿಲು ತಾನಾಗಿ ಮುಚ್ಚಿಕೊಂಡರೆ ಹೊರಗಿನಿಂದ ಕೂಗಿ ಪ್ರಯೋಜನವಿಲ್ಲ. ಮೊಬೈಲು ಇದ್ದೀತು, ಅದರ ಬ್ಯಾಟರಿ ಇರದಿರಬಹುದು. ಊರು ಬರುವವರೆಗೆ ಇಬ್ಬರೂ ಅದನ್ನೇ ಮಾತಾಡಿದರು. ಕೊನೆಗೆ ಒಂದು ನಿಯಮ ಗೊತ್ತಾಯಿತು. ಹಿಂದೆ ಉಳಿದವರು ಆ ಪ್ಲಾಟ್‌ಫಾರಮ್ಮಿನಿಂದ ಕದಲಬಾರದು, ಬೇರೆ ಯಾವ ಗಾಡಿಯನ್ನೂ ಹತ್ತಬಾರದು. ಮುಂದೆ ಹೋದವರು ಮೊದಲ ನಿಲ್ದಾಣದಲ್ಲಿ ಇಳಿದು, ಸಿಕ್ಕ ಗಾಡಿಯಲ್ಲಿ ಹಿಂದಿರುಗಿ ಬರಬೇಕು. ಹತ್ತುವಾಗ ಮಡದಿ ಮೊದಲು, ಇಳಿಯುವಾಗಲೂ ಮಡದಿ ಮೊದಲು. ಪಾಸು, ಪಾಸ್‌ಪೋರ್ಟು, ಹಣ ಅವರವರ ಬಳಿಯೇ ಇರಬೇಕು. ಎಲ್ಲವೂ ಒಬ್ಬರ ಚೀಲದಲ್ಲಿ ಬೇಡ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಮಡದಿಯ ಕೈಗೆ ಆಕೆಯದೇ ಹಣದ ಚೀಲ ಬಂದದ್ದು ಅದೇ ಮೊದಲು.

ವೀಸಾ ಅಂಟಿಸಿದ ಪಾಸ್‌ಪೋರ್ಟುಗಳು ಹಿಂದಿರುಗಿದ ದಿನ ಮಾಸ್ತರರು ಎರಡು ರಟ್ಟುಗಳ ಮೇಲೆ ಕನ್ನಡದಲ್ಲಿ ಈ ನಿಯಮವನ್ನೂ, ಕೆಳಗೆ ಏಳು ಪ್ರಯಾಣಗಳ ದಿನಾಂಕ, ಹೊರಡುವ ಊರು, ಇಳಿಯುವ ಊರು, ಗಾಡಿ ಬದಲಿಸುವ ಊರುಗಳನ್ನೂ ದುಂಡಾಗಿ ಬರೆದರು. ಒಂದು ತಮ್ಮ ಅಂಗಿಯ ಜೇಬಿಗೆ, ಒಂದು ಮಡದಿಯ ಚೀಲಕ್ಕೆ. ಮಡದಿ ತಮ್ಮ ರಟ್ಟನ್ನು ಓದಿ, ತಿರುಗಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಕೂರ್: ಶನಿವಾರ ತರಕಾರಿ’ ಎಂದು ಬರೆದುಕೊಂಡು ಒಳಗಿಟ್ಟರು. ಹೊರಡಲು ಇನ್ನು ಇಪ್ಪತ್ತೆರಡು ದಿನಗಳಿದ್ದವು.